ಕಸದ ಎಣ್ಣೆ ಹೊಡೆದರೂ ಜೇಕು ಸಾಯಲಿಲ್ಲ, ಲಾನ್ ಹಳದಿಯಾಯಿತು: ತಪ್ಪು ಎಲ್ಲಿದೆ ಎಂದು ಹುಡುಕುವ ಬಗೆ

"ಎಣ್ಣಿ ಹೊಡ್ದು ಹದಿನೈದು ದಿನ ಆತ್ರಿ ಅಣ್ಣ. ಜೇಕು ಹಂಗೇ ಐತಿ, ಕರಿಕೆ ಮಾತ್ರ ಹಳದಿ ಆಗೇತಿ. ಇನ್ನೊಂದ್ ಸಲ ಡಬಲ್ ಹೊಡೀಲೇನು?"

ಕಳೆದ ಮಳೆಗಾಲದಲ್ಲಿ ಬಳ್ಳಾರಿ ಹೊರವಲಯದ ಒಂದು ಕಲ್ಯಾಣ ಮಂಟಪದ ಮಾಲಿ ಫೋನ್ ಮಾಡಿ ಕೇಳಿದ ಮಾತು ಇದು. ಎಣ್ಣಿ, ಕಸದ ಎಣ್ಣೆ ಅಂದರೆ ಕಳೆನಾಶಕ; ಜೇಕು ಅಂದರೆ ಹುಲ್ಲಿನಂತೆ ಕಾಣುವ ಗಡ್ಡೆ ಕಳೆ; ಕರಿಕೆ ಅಂದರೆ ಲಾನಿನ ಗರಿಕೆ ಹುಲ್ಲು. ಪಂಪು ಮುಟ್ಟಬೇಡ, ನಾನೇ ಬರ್ತೀನಿ ಅಂದೆ.

ಬಳ್ಳಾರಿ, ತೋರಣಗಲ್ಲು, ಕೊಪ್ಪಳ ಕಡೆ ಲಾನ್ ಹಾಕುವುದು, ನೋಡಿಕೊಳ್ಳುವುದು ನನ್ನ ಕೆಲಸ. ಮಳೆ ಶುರುವಾದ ಮೇಲೆ ಇಂಥ ಫೋನ್ ಬರುತ್ತಲೇ ಇರುತ್ತವೆ. ನಾನು ಕಂಡಂತೆ ಡಬ್ಬಿಯೊಳಗಿನ ಔಷಧಿ ಕೆಟ್ಟಿರುವುದು ಬಹಳ ಕಡಿಮೆ. ಕಳೆಯನ್ನು ಗುರುತು ಹಿಡಿಯುವಲ್ಲಿ ತಪ್ಪಿರುತ್ತದೆ, ಇಲ್ಲವೇ ನೀರಲ್ಲಿ, ಪಂಪಲ್ಲಿ, ಹೊಡೆದ ಹೊತ್ತಲ್ಲಿ. ಆ ತಪ್ಪು ಸಿಗುವ ಮುಂಚೆಯೇ ಎರಡನೇ ಸಲ ಹೊಡೆದರೆ ಕಳೆ ಉಳಿಯುತ್ತದೆ, ಲಾನ್ ಹೋಗುತ್ತದೆ. ಹಾಗಾಗಿ ಹುಡುಕುವ ಕೆಲಸ ಮೊದಲು, ಹೊಡೆಯುವ ಕೆಲಸ ಆಮೇಲೆ.

ಮೊದಲು ಡಬ್ಬಿ ಹುಡುಕಿ ತನ್ನಿ

ಖಾಲಿ ಡಬ್ಬಿ ಎಲ್ಲೋ ಬಿಸಾಕಿದ್ದರೂ ಹುಡುಕಿ. ಮೇಲೆ ದೊಡ್ಡ ಅಕ್ಷರದಲ್ಲಿ ಇರುವುದು ಕಂಪನಿ ಇಟ್ಟ ಹೆಸರು. ನಮಗೆ ಬೇಕಾದದ್ದು ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಇರುತ್ತದೆ: ರಾಸಾಯನಿಕದ ಹೆಸರು ಮತ್ತು ಅದರ ಶೇಕಡಾ ಅಂಕಿ. ಅದನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಹೊಡೆದು ಎಷ್ಟು ದಿನ ಆಯಿತು, ಆಗ ಎಷ್ಟು ಗಂಟೆ, ನೀರು ಎಲ್ಲಿಂದ ತಂದದ್ದು, ಆ ಪಂಪನ್ನು ಅದಕ್ಕೂ ಮುಂಚೆ ಯಾವುದಕ್ಕೆ ಬಳಸಿದ್ದರು, ಹುಲ್ಲು ಕತ್ತರಿಸಿದ್ದು ಯಾವಾಗ, ಹೊಡೆದ ದಿನ ಮಳೆ ಬಂತಾ. ಇಷ್ಟನ್ನೂ ಅದೇ ಚೀಟಿಗೆ ಸೇರಿಸಿ.

ಮಂಟಪದಲ್ಲಿ ನನಗೆ ಸಿಕ್ಕ ಉತ್ತರ ಹೀಗಿತ್ತು. ಔಷಧಿ 2,4-ಡಿ ಅಮೈನ್ ಸಾಲ್ಟ್ 58% ಎಸ್‌ಎಲ್ (ನೀರಲ್ಲಿ ಬೆರೆಯುವ ದ್ರವ). ನೀರು ಬೋರಿನದು. ಹೊತ್ತು ಮಧ್ಯಾಹ್ನ 12 ಗಂಟೆ. ಪಂಪು ಮೆಣಸಿನಗಿಡಕ್ಕೆ ಎಣ್ಣೆ ಹೊಡೆಯುವುದು, ಪಕ್ಕದ ಹೊಲದವರಿಂದ ಕೇಳಿ ತಂದದ್ದು. ಹಿಂದಿನ ದಿನ ತಾನೇ ಮಷಿನ್ ಓಡಿಸಿ ಹುಲ್ಲು ಕತ್ತರಿಸಿದ್ದರು. ಈ ಐದರಲ್ಲಿ ಪ್ರತಿಯೊಂದೂ ತಪ್ಪೇ. ಯಾಕೆ ಅನ್ನುವುದು ಮುಂದೆ ಬರುತ್ತದೆ.

ದೂರ ನಿಂತು ಲಾನ್ ನೋಡಿ

ಹಳದಿ ಬಣ್ಣ ಯಾವ ಆಕಾರದಲ್ಲಿದೆ ಅನ್ನುವುದೇ ಅರ್ಧ ಉತ್ತರ. ಮಹಡಿ ಇದ್ದರೆ ಹತ್ತಿ ನೋಡಿ.

ನೇರ ಪಟ್ಟೆ ಪಟ್ಟೆಯಾಗಿ, ಮನುಷ್ಯ ನಡೆದ ದಾರಿಯಲ್ಲೇ ಹಳದಿ ಇದ್ದರೆ ಅದು ಪಂಪಿನ ಕೆಲಸ. ಒಂದು ಸಾಲು ಇನ್ನೊಂದರ ಮೇಲೆ ಬಿದ್ದ ಕಡೆ ಎರಡು ಪಟ್ಟು ಔಷಧಿ ಬಿದ್ದಿದೆ. ತಿರುಗುವ ಜಾಗದಲ್ಲಿ, ಅಂದರೆ ಪ್ರತಿ ಸಾಲಿನ ಕೊನೆಯಲ್ಲಿ ಹೆಚ್ಚು ಸುಟ್ಟಿದ್ದರೆ, ಹೊಡೆಯುವವನು ನಿಂತು ತಿರುಗುವಾಗ ಹಿಡಿಕೆ ಬಿಟ್ಟಿಲ್ಲ ಅಂತ ಅರ್ಥ.

ದುಂಡಗಿನ ಕಲೆ, ಅಂಚಿಗೆ ಕಡು ಹಸಿರು ಬಳೆ ಇದ್ದರೆ ನಾಯಿ ಮೂತ್ರ ಇರಬಹುದು. ಅಂಚಲ್ಲಿ ಹಸಿರು ಇಲ್ಲದೆ ದುಂಡಗೆ ಹಬ್ಬುತ್ತಿದ್ದರೆ ಬೂಷ್ಟು ರೋಗ. ತಗ್ಗಿನಲ್ಲಿ ಮಾತ್ರ ಹಳದಿ, ನೆಲ ಒಣಗಿದಾಗ ಮೇಲೆ ಬಿಳಿ ಪುಡಿ ಕಂಡರೆ ಅದು ಚೌಳು. ತುಂಗಭದ್ರಾ ಕಾಲುವೆ ನೀರು ಹರಿಯುವ ಎರೆ ಭೂಮಿಯಲ್ಲಿ ಇದು ಸಾಮಾನ್ಯ. ಇಡೀ ಲಾನ್ ಒಂದೇ ಸಮ ತಿಳಿ ಹಳದಿಯಾಗಿ, ಹೊಸ ಎಲೆಯಲ್ಲಿ ನರ ಮಾತ್ರ ಹಸಿರಾಗಿ ಉಳಿದಿದ್ದರೆ ಕಬ್ಬಿಣದ ಕೊರತೆ. ಸುಣ್ಣ ಜಾಸ್ತಿ ಇರುವ ಎರೆ ಮಣ್ಣಿನಲ್ಲಿ ಅದೂ ಹೊಸದಲ್ಲ. ಇವು ಯಾವುದೂ ಕಸದ ಎಣ್ಣೆಯಿಂದ ಬಂದದ್ದಲ್ಲ. ಹೊಡೆದದ್ದಕ್ಕೂ ಹಳದಿಯಾದದ್ದಕ್ಕೂ ದಿನ ಹೊಂದಿಕೊಂಡಿತು ಅಷ್ಟೇ.

ಮಂಟಪದ ಲಾನಿನಲ್ಲಿ ಪಟ್ಟೆ ಸ್ಪಷ್ಟವಾಗಿತ್ತು. ಮೂರು ಹೆಜ್ಜೆಗೊಂದು ಹಳದಿ ಗೆರೆ, ಸ್ಕೇಲ್ ಇಟ್ಟು ಎಳೆದ ಹಾಗೆ.

ಕಳೆ ಸಾಯಲೇ ಇಲ್ಲ

ಇಲ್ಲಿ ಮೊದಲ ಪ್ರಶ್ನೆ ಒಂದೇ: ಅದು ಯಾವ ಕಳೆ? ಹೆಸರು ಗೊತ್ತಿಲ್ಲದಿದ್ದರೂ ನಡೆಯುತ್ತದೆ, ಜಾತಿ ಗೊತ್ತಾದರೆ ಸಾಕು. ಲಾನ್ ಕಳೆಯಲ್ಲಿ ಮೂರು ಜಾತಿ. ಒಂದು ಅಗಲ ಎಲೆಯದು: ಕಾಂಗ್ರೆಸ್ ಕಸ, ನೆಗ್ಗಿಲು, ಚಿವುಟಿದರೆ ಹಾಲು ಬರುವ ಅಚ್ಚೆಗಿಡ, ಗೋಳಿ ಸೊಪ್ಪು, ನಾಚಿಕೆ ಮುಳ್ಳು. ಎರಡನೆಯದು ಹುಲ್ಲಿನ ಜಾತಿ: ಕಾಡು ರಾಗಿಯಂಥವು, ಬೆರಳು ಬಿಚ್ಚಿದ ಹಾಗೆ ತೆನೆ ಬಿಡುತ್ತವೆ. ಮೂರನೆಯದು ಜೇಕು.

ಜೇಕು ನೋಡಲು ಹುಲ್ಲಿನ ಹಾಗೇ ಇರುತ್ತದೆ, ಮೋಸ ಆಗುವುದು ಇಲ್ಲೇ. ಗುರುತು ಹಿಡಿಯಲು ಕಣ್ಣಿಗಿಂತ ಬೆರಳು ವಾಸಿ. ಹೂವಿನ ಕಡ್ಡಿಯನ್ನು ಬುಡದಲ್ಲಿ ಕಿತ್ತು ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಉರುಳಿಸಿ. ಹುಲ್ಲಿನ ಕಡ್ಡಿ ಸಲೀಸಾಗಿ ಉರುಳುತ್ತದೆ. ಜೇಕಿನದು ತಡೆದು ತಡೆದು ಉರುಳುತ್ತದೆ, ಮೂರು ಮೂಲೆ ಬೆರಳಿಗೆ ಸಿಗುತ್ತವೆ. ಎಲೆಗಳೂ ಮೂರು ದಿಕ್ಕಿಗೆ ಹೋಗಿರುತ್ತವೆ. ಇನ್ನೂ ಅನುಮಾನ ಇದ್ದರೆ ಕುರ್ಪಿಯಿಂದ ಒಂದು ಗೇಣು ಆಳಕ್ಕೆ ಮಣ್ಣು ಸಮೇತ ಎತ್ತಿ, ಬಕೆಟ್ ನೀರಲ್ಲಿ ಅದ್ದಿ ತೊಳೆಯಿರಿ. ಕಪ್ಪು ಗಡ್ಡೆಗಳು ದಾರದಲ್ಲಿ ಪೋಣಿಸಿದ ಮಣಿಗಳ ಹಾಗೆ ಒಂದರ ಹಿಂದೆ ಒಂದು ಬರುತ್ತವೆ. ಮುರಿದು ಮೂಸಿ ನೋಡಿ, ಘಮ್ಮೆನ್ನುತ್ತದೆ. ಗ್ರಂಥಿಗೆ ಅಂಗಡಿಯಲ್ಲಿ ದುಡ್ಡು ಕೊಟ್ಟು ತರುವ ಭದ್ರಮುಷ್ಟಿ ಇದೇ.

ಆ ಮಣಿ ಸರವೇ ನಮ್ಮ ಕಷ್ಟದ ಬೇರು. ಸರ ಇಡಿಯಾಗಿ ಇರುವ ತನಕ ತುದಿಯ ಗಡ್ಡೆ ಮೊಳೆತು ಉಳಿದವು ಹೆಚ್ಚಾಗಿ ಮಲಗಿರುತ್ತವೆ. ಕೈಯಲ್ಲಿ ಎಳೆದಾಗ ಸರ ಹರಿಯುತ್ತದೆ. ಆಗ ಮಲಗಿದ್ದ ಒಂದೊಂದು ಗಡ್ಡೆಯೂ ಎದ್ದು ಬೇರೆ ಗಿಡ ಆಗುತ್ತದೆ. "ಕಿತ್ತಷ್ಟೂ ಜಾಸ್ತಿ ಬರ್ತದ್ರಿ" ಅಂತ ಮಾಲಿಗಳು ಹೇಳುವುದು ಸುಳ್ಳಲ್ಲ. ರೋಟವೇಟರ್ ಹೊಡೆಸಿ ಲಾನ್ ಹಾಕಿದ ಜಾಗದಲ್ಲಿ ಜೇಕು ಯಾಕೆ ಅಷ್ಟು ದಟ್ಟ ಇರುತ್ತದೆ ಅನ್ನುವುದಕ್ಕೂ ಇದೇ ಕಾರಣ.

ಈಗ ಔಷಧಿಗೆ ಬನ್ನಿ. 2,4-ಡಿ ಅಗಲ ಎಲೆಯ ಕಳೆಗೆ ಒಳ್ಳೆಯದು. ಜೇಕಿನ ಮೇಲೆ ಬಿದ್ದರೆ ಮೇಲಿನ ಎಲೆ ಸ್ವಲ್ಪ ಸುಟ್ಟಂತೆ ಕಾಣುತ್ತದೆ, ಗಡ್ಡೆಗೆ ಏನೂ ಆಗುವುದಿಲ್ಲ. ಮತ್ತೆ ಚಿಗುರುತ್ತದೆ. ಮಂಟಪದಲ್ಲಿ ಆದದ್ದು ಇದೇ. ಅಂಗಡಿಯಲ್ಲಿ "ಲಾನ್ ಕಸಕ್ಕೆ ಎಣ್ಣಿ ಕೊಡ್ರಿ" ಅಂದಿದ್ದಾರೆ, ಅವರು ಲಾನಿಗೆ ತೊಂದರೆ ಆಗದ್ದು ಅಂತ 2,4-ಡಿ ಕೊಟ್ಟಿದ್ದಾರೆ. ಜೇಕು ಅನ್ನುವ ಮಾತೇ ಅಲ್ಲಿ ಬಂದಿಲ್ಲ. ಅಂಗಡಿಗೆ ಹೋಗುವಾಗ ಕಳೆಯನ್ನು ಬೇರು ಸಮೇತ ಒಂದು ಕವರಿನಲ್ಲಿ ಹಾಕಿಕೊಂಡು ಹೋಗಿ.

ಜೇಕಿಗೆ ನಾನು ಬಳಸುವುದು ಹ್ಯಾಲೋಸಲ್ಫ್ಯೂರಾನ್ ಮೀಥೈಲ್ 75% ಡಬ್ಲ್ಯೂಜಿ (ನೀರಲ್ಲಿ ಕದಡುವ ಹರಳು). ಕಬ್ಬು ಬೆಳೆಯುವವರಿಗೆ ಇದು ಗೊತ್ತು. ಕರಿಕೆ ಮತ್ತು ಮೆಕ್ಸಿಕನ್ ಹುಲ್ಲು ಎರಡೂ ಇದನ್ನು ತಡೆದುಕೊಳ್ಳುತ್ತವೆ. ಎಲೆಯಿಂದ ಇಳಿದು ಗಡ್ಡೆಗೂ ಮುಟ್ಟುತ್ತದೆ. ಆದರೆ ಬಹಳ ನಿಧಾನ. ಮೊದಲ ವಾರ ಏನೂ ಕಾಣುವುದಿಲ್ಲ. ಎರಡನೇ ವಾರ ನಡುವಿನ ಚಿಗುರು ಹಳದಿಯಾಗುತ್ತದೆ. ಪೂರ್ತಿ ಒಣಗಲು ಮೂರು ನಾಲ್ಕು ವಾರ ಬೇಕು. ಹತ್ತನೇ ದಿನಕ್ಕೆ "ಕೆಲಸ ಮಾಡಿಲ್ಲ" ಅಂತ ಮತ್ತೆ ಹೊಡೆದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ನಡುವಿನ ಎಲೆಯನ್ನು ಮೆಲ್ಲಗೆ ಎಳೆದು ನೋಡಿ. ಬುಡದಿಂದ ಸಲೀಸಾಗಿ ಕಳಚಿ ಬಂದರೆ ಔಷಧಿ ಕೆಲಸ ಮಾಡುತ್ತಿದೆ, ಸುಮ್ನೆ ಕಾಯಿರಿ.

ಹುಲ್ಲಿನ ಜಾತಿಯ ಕಳೆಗೆ ಮಾತ್ರ ನನ್ನ ಸಲಹೆ ಬೇರೆ. ಹುಲ್ಲೊಳಗಿನ ಹುಲ್ಲನ್ನು ಆರಿಸಿ ಕೊಲ್ಲಬಲ್ಲ, ನಮ್ಮ ಅಂಗಡಿಯಲ್ಲಿ ಸಿಗುವ, ನಂಬಿ ಹೇಳಬಹುದಾದ ಔಷಧಿ ನನ್ನ ಬಳಿ ಇಲ್ಲ. ತೆನೆ ಬರುವ ಮುಂಚೆ ಕೂತು ಕೀಳಿ. ಮುಂದಿನ ವರ್ಷಕ್ಕೆ ಮೊದಲ ಮಳೆಗೆ ಮುಂಚೆ ಪೆಂಡಿಮೆಥಾಲಿನ್ ಹಾಕಿ, ಮೇಲೆ ತೆಳುವಾಗಿ ನೀರು ಕೊಡಿ. ಅದು ಮೊಳಕೆಯನ್ನು ಮಾತ್ರ ತಡೆಯುತ್ತದೆ. ಮೊಳೆತು ನಿಂತ ಕಳೆಯ ಮೇಲೆ ಸುರಿದು "ಸಾಯಲಿಲ್ಲ" ಅಂದರೆ ಔಷಧಿಯ ತಪ್ಪಿಲ್ಲ. ಹೊಸದಾಗಿ ಹಾಸಿದ, ಇನ್ನೂ ಬೇರು ಬಿಡದ ಲಾನಿಗೆ ಹಾಕಬೇಡಿ. ಹುಲ್ಲಿನ ಬೇರನ್ನೂ ತಡೆಯುತ್ತದೆ.

ಕಳೆ ಸರಿ, ಔಷಧಿಯೂ ಸರಿ, ಆದರೂ ಸಾಯಲಿಲ್ಲ

ಈಗ ನೀರು ನೋಡಿ. ನಮ್ಮ ಕಡೆ ಬೋರ್ ನೀರು ಬಹುಪಾಲು ಗಡಸು. ಸೋಪು ನೊರೆ ಬಾರದಿದ್ದರೆ, ಬಕೆಟ್ ಒಳಗೆ ಬಿಳಿ ಪದರ ಕಟ್ಟಿದ್ದರೆ ನಿಮ್ಮದೂ ಅದೇ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಷಿಯಂ ಔಷಧಿಯನ್ನು ಹಿಡಿದಿಟ್ಟುಕೊಳ್ಳುತ್ತವೆ. 2,4-ಡಿ ಅಮೈನ್ ಆದರೆ ಬಿಳಿ ಕೆನೆಯಂತೆ ಗಟ್ಟಿಯಾಗಿ ಜಾಲರಿಯಲ್ಲಿ ಕೂರುತ್ತದೆ. ಮಂಟಪದ ಪಂಪಿನ ಜಾಲರಿ ಬಿಚ್ಚಿದಾಗ ಒಳಗೆ ಅಂಥ ಕೆನೆ ಬೆರಳಿಗೆ ಅಂಟುವಷ್ಟಿತ್ತು. ಮಾಲಿ ಅದನ್ನು ಹಳೆ ಔಷಧಿಯ ಪಾಚಿ ಅಂದುಕೊಂಡಿದ್ದ.

ಮನೆಯಲ್ಲೇ ಪರೀಕ್ಷೆ ಮಾಡಬಹುದು. ಒಂದು ಗಾಜಿನ ಬಾಟಲಿಯಲ್ಲಿ ನಿಮ್ಮ ನೀರು, ಇನ್ನೊಂದರಲ್ಲಿ ಮಳೆ ನೀರು ಹಾಕಿ. ಪಂಪಿಗೆ ಹಾಕುವ ಅಳತೆಯಲ್ಲೇ ಎರಡಕ್ಕೂ ಔಷಧಿ ಬೆರೆಸಿ, ಮುಚ್ಚಳ ಹಾಕಿ ಅಲ್ಲಾಡಿಸಿ, ಅರ್ಧ ಗಂಟೆ ಇಡಿ. ಒಂದರಲ್ಲಿ ಮಾತ್ರ ಚೂರು ಚೂರು ಕೆಳಗೆ ಇಳಿದರೆ ಆ ನೀರು ಬೇಡ. ಆ ಬಾಟಲಿಗಳನ್ನು ಮತ್ತೆ ಬೇರೆ ಯಾವುದಕ್ಕೂ ಬಳಸಬೇಡಿ.

ಗ್ಲೈಫೋಸೇಟ್‌ಗಂತೂ ನೀರೇ ಜೀವ. ಲಾನ್ ಒಳಗೆ ಅದನ್ನು ಹೊಡೆಯುವಂತಿಲ್ಲ, ಕಂಡ ಹಸಿರನ್ನೆಲ್ಲ ಕೊಲ್ಲುತ್ತದೆ. ಕಲ್ಲು ಹಾಸಿನ ಸಂದಿ, ಕಾಂಪೌಂಡ್ ಅಂಚು, ಹೊಸ ಲಾನ್ ಹಾಕುವ ಮುಂಚಿನ ಖಾಲಿ ನೆಲ, ಇಷ್ಟಕ್ಕೇ ಅದು. ಗಡಸು ನೀರಾದರೆ ಮೊದಲು ಅಮೋನಿಯಂ ಸಲ್ಫೇಟ್ ಗೊಬ್ಬರವನ್ನು ಲೀಟರಿಗೆ 20 ಗ್ರಾಂನಂತೆ ಕರಗಿಸಿ, ಬಟ್ಟೆಯಲ್ಲಿ ಸೋಸಿ, ಆಮೇಲೆ ಔಷಧಿ ಹಾಕಬೇಕು. ಹಿಂದೆ ಮುಂದೆ ಆದರೆ ಉಪಯೋಗ ಕಡಿಮೆ. ಕಾಲುವೆಯ ಕೆಂಪು ನೀರು ಇನ್ನೂ ಕೆಟ್ಟದ್ದು. ಮಳೆಗಾಲದಲ್ಲಿ ಬರುವ ಆ ಮಣ್ಣಿನ ಕಣಗಳು ಗ್ಲೈಫೋಸೇಟನ್ನು ಪಂಪಿನೊಳಗೇ ಹೀರಿಬಿಡುತ್ತವೆ. ರಾತ್ರಿಯಿಡೀ ಡ್ರಮ್ಮಿನಲ್ಲಿ ತಿಳಿಯಾಗಲು ಬಿಟ್ಟು ಮೇಲಿನ ನೀರು ತೆಗೆದುಕೊಳ್ಳಿ. ಬೇಗ ತಿಳಿಯಾಗಲಿ ಅಂತ ಪಟಿಕ ಹಾಕಬೇಡಿ. ಪಟಿಕದಲ್ಲಿರುವ ಅಲ್ಯುಮಿನಿಯಂ ಸುಣ್ಣಕ್ಕಿಂತ ಬಿಗಿಯಾಗಿ ಆ ಔಷಧಿಯನ್ನು ಹಿಡಿಯುತ್ತದೆ. ಇನ್ನೊಂದು ಮಾತು: 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಗ್ಲೈಫೋಸೇಟ್ ಬಳಕೆಯನ್ನು ಪರವಾನಗಿ ಇರುವ ಕೀಟ ನಿಯಂತ್ರಣದವರಿಗಷ್ಟೇ ಮಿತಿಗೊಳಿಸಿ ಅಧಿಸೂಚನೆ ಹೊರಡಿಸಿತ್ತು. ಕೊಳ್ಳುವ ಮುಂಚೆ ಈಗಿನ ನಿಯಮ ಏನಿದೆ ಅಂತ ಕೃಷಿ ಇಲಾಖೆಯಲ್ಲಿ ವಿಚಾರಿಸಿ.

ನೀರಿನ ಮಾತು ಆಯಿತು, ಈಗ ದೂಳು. ಸಂಡೂರು, ತೋರಣಗಲ್ಲು ರಸ್ತೆ ಬದಿಯ ಲಾನ್ ನೋಡಿದ್ದೀರಲ್ಲ? ಬಿಳಿ ಕರವಸ್ತ್ರದಲ್ಲಿ ಎಲೆ ಒರೆಸಿದರೆ ಕೆಂಪಾಗುತ್ತದೆ. ಆ ದೂಳಿನ ಮೇಲೆ ಬಿದ್ದ ಔಷಧಿ ಎಲೆಯೊಳಗೆ ಹೋಗುವುದೇ ಇಲ್ಲ. ಹಿಂದಿನ ದಿನ ಸಂಜೆ ಪೈಪು ಹಿಡಿದು ಎಲೆ ತೊಳೆದುಬಿಡಿ. ಇದರಿಂದ ಇನ್ನೊಂದು ಲಾಭವೂ ಇದೆ. ಬಾಯಾರಿ ಬಾಡಿದ ಕಳೆ ಔಷಧಿ ಕುಡಿಯುವುದಿಲ್ಲ, ನೀರುಂಡ ಕಳೆ ಕುಡಿಯುತ್ತದೆ.

ಹುಲ್ಲು ಕತ್ತರಿಸಿದ ಮರುದಿನವೇ ಹೊಡೆದರೆ ಔಷಧಿ ಬೀಳಲು ಎಲೆಯೇ ಇರುವುದಿಲ್ಲ. ಹೊಡೆಯುವ ಎರಡು ಮೂರು ದಿನ ಮುಂಚೆ, ಹೊಡೆದ ಎರಡು ಮೂರು ದಿನ ಆಮೇಲೆ ಮಷಿನ್ ಓಡಿಸಬೇಡಿ. ಹ್ಯಾಲೋಸಲ್ಫ್ಯೂರಾನ್ ಜೊತೆ ಎಲೆಗೆ ಅಂಟಿಸುವ ದ್ರವವೂ ಬೇಕು. ಜೇಕಿನ ಎಲೆ ಮೇಣ ಹಚ್ಚಿದಂತೆ ಇರುವುದರಿಂದ ಬರೀ ನೀರು ಮಣಿಯಾಗಿ ಉರುಳಿ ಬೀಳುತ್ತದೆ.

ಲಾನೇ ಸತ್ತಿತು

ಮೂರು ನಾಲ್ಕು ವಾರದಲ್ಲಿ ಇಡೀ ಲಾನ್ ಒಣಹುಲ್ಲಿನ ಬಣ್ಣಕ್ಕೆ ತಿರುಗಿ, ಅಗಲ ಎಲೆಯ ಕಳೆ ಮಾತ್ರ ಹಸಿರಾಗಿ ನಗುತ್ತಾ ನಿಂತಿದ್ದರೆ ಡಬ್ಬಿ ಓದಿ. ಕ್ವಿಜಾಲೊಫಾಪ್, ಪ್ರೊಪಾಕ್ವಿಜಾಫಾಪ್, ಫೆನಾಕ್ಸಾಪ್ರಾಪ್ ಇಂಥ 'ಫಾಪ್', 'ಪ್ರಾಪ್' ಎಂದು ಕೊನೆಯಾಗುವ ಹೆಸರು ಇರುತ್ತದೆ. ಇವು ಹತ್ತಿ, ಶೇಂಗಾ, ತೊಗರಿಯಲ್ಲಿ ಬರುವ ಹುಲ್ಲಿನ ಕಸಕ್ಕೆ ಮಾಡಿದ ಔಷಧಿಗಳು. ಲಾನ್ ಕೂಡ ಹುಲ್ಲೇ ಅಲ್ವಾ? ಔಷಧಿ ತನ್ನ ಕೆಲಸ ಸರಿಯಾಗಿಯೇ ಮಾಡಿದೆ. ಎಚ್ಚರವಾಗಿ ನಡುವಿನ ಚಿಗುರು ಎಳೆದು ನೋಡಿ. ಬುಡ ಕಂದು ಬಣ್ಣಕ್ಕೆ ತಿರುಗಿ ಕೊಳೆತಿದ್ದರೆ ಇದೇ. ಕರಿಕೆಯಾದರೆ ಕೆಳಗಿನ ಬೇರುಕಾಂಡದಿಂದ ಮತ್ತೆ ಬರುವ ಆಸೆ ಇದೆ, ನೀರು ಕೊಟ್ಟು ಆರು ವಾರ ಕಾಯಿರಿ. ಮೆಕ್ಸಿಕನ್ ನಿಧಾನ, ಹಾಳಾದ ತುಂಡು ಕತ್ತರಿಸಿ ಹೊಸದು ಹಾಸುವುದೇ ಲೇಸು.

ನೆರಳಿನ ಕಡೆ ಹಾಕುವ ಅಗಲ ಎಲೆಯ ಸೇಂಟ್ ಆಗಸ್ಟೀನ್ ಹುಲ್ಲು 2,4-ಡಿಯನ್ನೂ ಸಹಿಸದು. ನಿಮ್ಮ ಲಾನ್ ಯಾವ ಹುಲ್ಲು ಅಂತ ಗೊತ್ತಿಲ್ಲದೆ ಏನನ್ನೂ ಕೊಳ್ಳಬೇಡಿ.

ಹುಲ್ಲು ಸತ್ತಿಲ್ಲ, ತುದಿ ಸುಟ್ಟಿದೆ, ಹಳದಿಯಾಗಿದೆ ಅಂದರೆ ಬಿಸಿಲು ಮತ್ತು ಅಳತೆ ನೋಡಿ. 32 ಡಿಗ್ರಿ ದಾಟಿದ ಮೇಲೆ 2,4-ಡಿ ಲಾನಿಗೂ ನೋವು ಕೊಡುತ್ತದೆ. ನಮ್ಮಲ್ಲಿ ಮಾರ್ಚಿಯಿಂದ ಮೇ ತನಕ 40 ಡಿಗ್ರಿ ಅನ್ನುವುದು ಮಾಮೂಲಿ. ಆ ಮೂರು ತಿಂಗಳು ಕಸದ ಎಣ್ಣೆಯ ಮಾತೇ ಬೇಡ. ಮಳೆಗಾಲದಲ್ಲೂ ಬೆಳಗ್ಗೆ ಇಬ್ಬನಿ ಆರಿದ ಮೇಲೆ, 9 ಗಂಟೆಯೊಳಗೆ ಮುಗಿಸಿ.

ಅಳತೆಯ ತಪ್ಪು ಹೇಗೆ ಆಗುತ್ತದೆ ಅಂತ ಒಂದು ಲೆಕ್ಕ ಹೇಳುತ್ತೇನೆ. "ಪಂಪಿಗೆ ಒಂದು ಮುಚ್ಚಳ" ಅನ್ನುವುದು ಅಳತೆಯೇ ಅಲ್ಲ. ಒಬ್ಬ 16 ಲೀಟರ್ ಪಂಪನ್ನು ಎರಡು ಗುಂಟೆಗೆ ಖಾಲಿ ಮಾಡುತ್ತಾನೆ, ಇನ್ನೊಬ್ಬ ಆರು ಗುಂಟೆಗೆ. ಹಾಗಾಗಿ ಮೊದಲು ಬರೀ ನೀರಲ್ಲಿ ನಡೆದು ನೋಡಿ. 33 ಅಡಿ ಉದ್ದ, 33 ಅಡಿ ಅಗಲ ಅಳೆದು ನಾಲ್ಕು ಗೂಟ ಹೊಡೆಯಿರಿ, ಅದು ಒಂದು ಗುಂಟೆ. ಪಂಪು ತುಂಬಿಸಿ, ದಿನಾ ನಡೆಯುವ ವೇಗದಲ್ಲೇ ಹೊಡೆಯಿರಿ. ಮತ್ತೆ ತುಂಬಿಸಲು ಎಷ್ಟು ಲೀಟರ್ ಬೇಕಾಯಿತು ನೋಡಿ. 4 ಲೀಟರ್ ಆದರೆ ಒಂದು ಪಂಪು ನಾಲ್ಕು ಗುಂಟೆಗೆ. ಹ್ಯಾಲೋಸಲ್ಫ್ಯೂರಾನ್ ಎಕರೆಗೆ 36 ಗ್ರಾಂ. ಎಕರೆಗೆ 40 ಗುಂಟೆ, ಅಂದರೆ ಗುಂಟೆಗೆ 0.9 ಗ್ರಾಂ. ನಾಲ್ಕು ಗುಂಟೆಯ ಪಂಪಿಗೆ 3.6 ಗ್ರಾಂ. ಇದನ್ನು ಚಮಚದಲ್ಲಿ ಅಳೆಯಲು ಆಗುವುದಿಲ್ಲ. ಹತ್ತನೇ ಒಂದು ಗ್ರಾಂ ತೋರಿಸುವ ಸಣ್ಣ ತಕ್ಕಡಿ ತಂದಿಟ್ಟುಕೊಳ್ಳಿ, ಅಡುಗೆಮನೆಯದು ಬೇಡ.

ನಾಜಲ್ ಕೂಡ ನೋಡಿ. ಹುಳಕ್ಕೆ ಹೊಡೆಯುವ ಪಂಪಿನಲ್ಲಿ ದುಂಡಗೆ ಮಂಜಿನ ಹಾಗೆ ಹೊಡೆಯುವ ನಾಜಲ್ ಇರುತ್ತದೆ. ಕಳೆಗೆ ಬೇಕಾದದ್ದು ಬೀಸಣಿಗೆಯಂತೆ ಚಪ್ಪಟೆಯಾಗಿ ಹೊಡೆಯುವ ಫ್ಲಾಟ್ ಫ್ಯಾನ್. ಒಣ ಸಿಮೆಂಟ್ ನೆಲದ ಮೇಲೆ ಬರೀ ನೀರು ಹೊಡೆದು ಒಣಗುವುದನ್ನು ನೋಡಿ. ಒಂದು ಕಡೆ ಬೇಗ ಒಣಗಿ ಇನ್ನೊಂದು ಕಡೆ ಒದ್ದೆ ಉಳಿದರೆ ನಾಜಲ್ ಸವೆದಿದೆ. ಮಂಟಪದ ಹಳದಿ ಗೆರೆಗಳು ಹುಟ್ಟಿದ್ದು ಅಲ್ಲೇ.

ಲಾನ್ ಚೆನ್ನಾಗಿದೆ, ಪಕ್ಕದ ಹೊಲದ ಹತ್ತಿ ಮುದುಡಿತು

ಇದು ನನಗೆ ಅತಿ ಹೆಚ್ಚು ಹೆದರಿಕೆ ತರುವ ದೋಷ. ಹತ್ತಿಗೆ 2,4-ಡಿ ಎಂದರೆ ವಿಷ. ಗಾಳಿಯಲ್ಲಿ ತೇಲಿ ಹೋದ ಚೂರು ಸಾಕು. ಹೊಸ ಎಲೆ ಅಗಲ ಬಿಡದೆ ಬೆರಳು ಬೆರಳಾಗಿ ಸೀಳುತ್ತದೆ, ಬೆಂಡೆ ಎಲೆಯ ಹಾಗೆ ಕಾಣುತ್ತದೆ. ನರಗಳು ಒತ್ತೊತ್ತಾಗಿ ಪಕ್ಕಪಕ್ಕ ಓಡುತ್ತವೆ. ಮೆಣಸಿನಗಿಡದಲ್ಲಿ ಎಲೆ ಬಟ್ಟಲಿನಂತೆ ಮುದುಡಿ ತೊಟ್ಟು ತಿರುಚಿಕೊಳ್ಳುತ್ತದೆ. ಅದನ್ನು ಮುಟುರು ರೋಗ ಅಂದುಕೊಂಡು ಥ್ರಿಪ್ಸ್ ಹುಳಕ್ಕೆ ಎಣ್ಣೆ ಹೊಡೆದವರಿದ್ದಾರೆ. ವ್ಯತ್ಯಾಸ ಹೀಗೆ ಹಿಡಿಯಿರಿ: ರೋಗವಾದರೆ ಅಲ್ಲೊಂದು ಇಲ್ಲೊಂದು ಗಿಡದಲ್ಲಿ ಶುರುವಾಗಿ ಹಬ್ಬುತ್ತದೆ. ಔಷಧಿಯಾದರೆ ಲಾನ್ ಕಡೆಯ ಅಂಚಿನ ಗಿಡಗಳೆಲ್ಲ ಒಂದೇ ವಾರದಲ್ಲಿ, ಒಂದೇ ಎತ್ತರದ ಎಲೆಯಲ್ಲಿ ಮುದುಡುತ್ತವೆ, ಒಳಗೆ ಹೋದಷ್ಟೂ ಕಡಿಮೆ.

2,4-ಡಿಯಲ್ಲಿ ಸೋಡಿಯಂ ಸಾಲ್ಟ್, ಅಮೈನ್ ಸಾಲ್ಟ್, ಈಥೈಲ್ ಎಸ್ಟರ್ ಎಂದು ಮೂರು ಬಗೆ ಸಿಗುತ್ತವೆ. ಎಸ್ಟರ್ ಬಿಸಿಲಿಗೆ ಆವಿಯಾಗಿ ಏಳುತ್ತದೆ, ಹೊಡೆದು ಮುಗಿದ ಮೇಲೂ ತೇಲಿ ಹೋಗುತ್ತದೆ. ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಎಲ್ಲಿ ನಿಂತರೂ ಹತ್ತಿಯೋ ಮೆಣಸಿನಕಾಯಿಯೋ ಹತ್ತಿರವೇ ಇರುತ್ತದೆ. ಇಲ್ಲಿ ಎಸ್ಟರ್ ಯಾರೂ ಲಾನಿಗೆ ಹೊಡೆಯಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಗಾಳಿಯೇ ಇಲ್ಲದಿದ್ದರೂ ಮುದುಡಿದ್ದರೆ ಪಂಪಿನ ಮೇಲೆ ಅನುಮಾನ ಪಡಿ. 2,4-ಡಿ ಹೊಡೆದ ಪಂಪು ಬರೀ ನೀರಲ್ಲಿ ಒಂದು ಸಲ ತೊಳೆದರೆ ಶುದ್ಧ ಆಗುವುದಿಲ್ಲ, ಪೈಪಿನ ರಬ್ಬರ್ ಒಳಗೆ ಉಳಿಯುತ್ತದೆ. ಮುಂದೆ ಅದೇ ಪಂಪಲ್ಲಿ ಹುಳಕ್ಕೆ ಹೊಡೆದಾಗ ಬೆಳೆಗೆ ಹೋಗುತ್ತದೆ. ಮಂಟಪದವರು ಕೇಳಿ ತಂದ ಪಂಪನ್ನು ಹಾಗೇ ಹಿಂದಿರುಗಿಸಿದ್ದರು. ನಾನೇ ಹೊಲದ ಯಜಮಾನರ ಹತ್ತಿರ ಹೋಗಿ, "ಯಜಮಾನ್ರೇ, ಈ ಪಂಪು ಮೆಣಸಿನಗಿಡಕ್ಕೆ ಇನ್ನ ಹಚ್ಚಬ್ಯಾಡ್ರಿ" ಅಂತ ವಿಷಯ ಬಿಡಿಸಿ ಹೇಳಿದೆ. ಪುಣ್ಯಕ್ಕೆ ಅವರು ಇನ್ನೂ ಬಳಸಿರಲಿಲ್ಲ. ಮಂಟಪದವರು ಅವರಿಗೆ ಹೊಸ ಪಂಪು ಕೊಡಿಸಿದರು. ಹಳೆಯದಕ್ಕೆ ಕೆಂಪು ಬಣ್ಣ ಬಳಿದು ಕಸಕ್ಕೆಂದೇ ಇಟ್ಟಿದ್ದಾರೆ. ತೊಳೆಯಲೇಬೇಕಾದರೆ ವಾಷಿಂಗ್ ಸೋಡಾ ಕರಗಿಸಿದ ನೀರು ತುಂಬಿ, ಪೈಪು ನಾಜಲ್‌ನಿಂದಲೂ ಸ್ವಲ್ಪ ಹೊರಗೆ ಬಿಟ್ಟು, ರಾತ್ರಿಯಿಡೀ ಇಡಿ. ಬೆಳಗ್ಗೆ ಮೂರು ಸಲ ಶುದ್ಧ ನೀರಲ್ಲಿ ಓಡಿಸಿ. ಆ ನೀರು ಗಿಡದ ಬುಡಕ್ಕಾಗಲಿ, ಚರಂಡಿಗಾಗಲಿ ಹೋಗಬಾರದು.

ಲಾನ್ ನಡುವಿನ ದಾಸವಾಳವೋ ಮರವೋ ವಾರಗಳ ನಂತರ ಸೊರಗಿದರೆ ಮೆಟ್‌ಸಲ್ಫ್ಯೂರಾನ್ ಬಳಸಿದ್ದರಾ ಕೇಳಿ. ಅಗಲ ಎಲೆಗೆ ಅದು ಬಹಳ ಚುರುಕು, ಎಕರೆಗೆ 8 ಗ್ರಾಂನಷ್ಟೇ ಸಾಕು. ಆದರೆ ಅದು ಹುಳಿ ಮಣ್ಣಿನಲ್ಲಿ ಬೇಗ ಒಡೆಯುತ್ತದೆ, ಪಿಎಚ್ (ಹುಳಿ-ಕ್ಷಾರದ ಅಳತೆ) ಎಂಟು ದಾಟುವ ನಮ್ಮ ಎರೆ ಮಣ್ಣಿನಲ್ಲಿ ಬಹಳ ದಿನ ಉಳಿದು ಬೇರಿಗೆ ಇಳಿಯುತ್ತದೆ. ಹೂವಿನ ಮಡಿ ಇರುವ ಲಾನಿಗೆ ನಾನು ಅದನ್ನು ತರುವುದೇ ಇಲ್ಲ.

ಮತ್ತೆ ಹೊಡೆಯುವ ಮುಂಚೆ

ಡಬ್ಬಿಗಳ ಮೇಲೆ ಕಬ್ಬು, ಗೋಧಿ, ಮೆಕ್ಕೆಜೋಳ ಎಂದಿರುತ್ತದೆ, ಲಾನ್ ಎಂದು ಬರೆದಿರುವುದು ಅಪರೂಪ. ಹಾಗಾಗಿ ಮೂಲೆಯಲ್ಲಿ ಒಂದು ಮಂಚದಷ್ಟು ಜಾಗಕ್ಕೆ ಮೊದಲು ಹೊಡೆದು ಮೂರು ವಾರ ನೋಡಿ. ಹಗರಿ, ಗಂಗಾವತಿ, ರಾಯಚೂರಿನ ಕೃಷಿ ವಿಜ್ಞಾನ ಕೇಂದ್ರಗಳಿಗೆ ಕಳೆ ಮತ್ತು ಡಬ್ಬಿ ಎರಡನ್ನೂ ಒಯ್ದು ಕೇಳಬಹುದು. ಕಿಸಾನ್ ಕಾಲ್ ಸೆಂಟರ್ ನಂಬರ್ 1800-180-1551, ಕನ್ನಡದಲ್ಲೇ ಮಾತಾಡುತ್ತಾರೆ.

ಪ್ಯಾರಾಕ್ವಾಟ್ ಎಂಬ ಕಳೆನಾಶಕ ಮಾತ್ರ ಮನೆಯ ಹತ್ತಿರ ತರಬೇಡಿ. ಒಂದು ಗುಟುಕು ಹೊಟ್ಟೆಗೆ ಹೋದರೆ ಜೀವ ಉಳಿಸುವ ಪ್ರತಿವಿಷ ಅದಕ್ಕಿಲ್ಲ. ಯಾವ ಔಷಧಿಯನ್ನೂ ನೀರಿನ ಬಾಟಲಿಗೆ, ತಂಪು ಪಾನೀಯದ ಬಾಟಲಿಗೆ ಸುರಿದುಕೊಂಡು ತರಬೇಡಿ. ಕೈಗವಸು, ಬೂಟು, ಮುಖಕ್ಕೆ ಬಟ್ಟೆ ಹಾಕಿಕೊಳ್ಳಿ. ಯಾರಿಗಾದರೂ ಹೊಟ್ಟೆಗೆ ಹೋದರೆ ತಡ ಮಾಡದೆ 108ಕ್ಕೆ ಫೋನ್ ಮಾಡಿ, ಡಬ್ಬಿಯನ್ನೂ ಆಸ್ಪತ್ರೆಗೆ ಒಯ್ಯಿರಿ.

ಕತ್ತರಿಸಿದ ಹುಲ್ಲನ್ನು ವಾಚ್‌ಮನ್‌ಗಳು ಆಡಿಗೆ, ಎಮ್ಮೆಗೆ ಒಯ್ಯುತ್ತಾರೆ. ಅವರಿಗೆ ಮುಂಚೆಯೇ ಹೇಳಿ, ಔಷಧಿ ಬಿದ್ದ ಹುಲ್ಲು ಮೇವಲ್ಲ. ಗಣೇಶನ ಹಬ್ಬ ಬರುವುದೂ ಇದೇ ಹೊತ್ತಿಗೆ. ಬೆಳಗಿನ ಜಾವ ಹೆಣ್ಣುಮಕ್ಕಳು ಪೂಜೆಗೆ ಕರಿಕೆ ಕೊಯ್ಯಲು ಲಾನಿಗೇ ಬರುತ್ತಾರೆ, ಮಕ್ಕಳ ಕೈಯಲ್ಲೂ ಕೊಯ್ಯಿಸುತ್ತಾರೆ. ಮಂಟಪದ ಗೇಟಿಗೆ ನಾವು ದೊಡ್ಡ ಅಕ್ಷರದ ಬೋರ್ಡು ಹಾಕಿದೆವು, ಔಷಧಿ ಬೀಳದ ಒಂದು ಪಟ್ಟಿಯನ್ನು ಹಬ್ಬಕ್ಕೆಂದೇ ಬಿಟ್ಟೆವು.

ಅಲ್ಲಿ ಆಗಸ್ಟ್ ಮೊದಲ ವಾರ, ಮಳೆ ನೀರು ಹಿಡಿದಿಟ್ಟು, ಹೊಸ ನಾಜಲ್ ಹಾಕಿ ಹ್ಯಾಲೋಸಲ್ಫ್ಯೂರಾನ್ ಹೊಡೆದೆವು. ಏಳು ವಾರ ಬಿಟ್ಟು ಉಳಿದದ್ದಕ್ಕೆ ಇನ್ನೊಂದು ಸಲ. ಹಳದಿ ಗೆರೆಗಳು ಅಷ್ಟರಲ್ಲಿ ತಾವೇ ಮುಚ್ಚಿಕೊಂಡಿದ್ದವು. ನವೆಂಬರಿನಲ್ಲಿ ಮಾಲಿ ಮತ್ತು ನಾನು ಮೊದಲಿದ್ದ ಜಾಗದಲ್ಲೇ ಒಂದು ಗೇಣು ಅಗೆದು ಗಡ್ಡೆ ತೊಳೆದು ಕಟ್ಟೆಯ ಮೇಲೆ ಹರಡಿದೆವು. ಉಗುರಿನಿಂದ ಒಂದೊಂದನ್ನೇ ಒತ್ತಿದ. ಹದಿನಾಲ್ಕರಲ್ಲಿ ಹನ್ನೊಂದು ಪುಸ್ಸನೆ ಒಳಗೆ ಕುಸಿದವು, ಕಂದು ನೀರು ಬಂತು. ಮೂರು ಮಾತ್ರ ಗಟ್ಟಿ, ಒಳಗೆ ಬಿಳಿ. "ಈ ಮೂರಕ್ಕ ಮತ್ತ ಹೊಡೀಬೇಕೇನಣ್ಣ?" ಅಂದ. ಬೇಡ, ಚಳಿಗಾಲ ಕಳೀಲಿ, ಜೂನ್ ಮಳೆಗೆ ಎಲ್ಲಿ ಚಿಗುರುತ್ತದೋ ಅಲ್ಲಿಗೆ ಮಾತ್ರ ಹೊಡೆಯೋಣ ಅಂದೆ. ಆ ಜಾಗಕ್ಕೆ ಅವನು ಒಂದು ಗೂಟ ನೆಟ್ಟಿದ್ದಾನೆ.